ಒಂದು ಪಾಲಿನ ಪುಷ್ಟಿ

ಪಕ್ಕದ ಮನೆಯ ಸುಮಿತ್ರ ಮೊನ್ನೆ ಒಂದು ಡಬ್ಬದ ತುಂಬ ಕೊಬ್ಬರಿ ಮಿಠಾಯಿ ಕಳಿಸಿದ್ದಳು. ಡಬ್ಬ ನಮ್ಮ ಕಡೆಯದಲ್ಲ. ಅವಳ ಮನೆಗೆ ಹೊರದೇಶದಿಂದ ಬಂದ ನೆಂಟರು ಯಾರೋ ಗಾಜಿನ ಲೋಟಗಳನ್ನು ಇಟ್ಟು ತಂದಿದ್ದ ದಪ್ಪ ರಟ್ಟಿನ ಡಬ್ಬ. ಗಟ್ಟಿಯಾದ ಡಬ್ಬವನ್ನು ಎಸೆಯುವ ಜಾಯಮಾನ ನಮ್ಮ ಸೀಮೆಯಲ್ಲಿ ಯಾರಿಗೂ ಇಲ್ಲ. ಮೇಲೆ ಬಣ್ಣದ ಚಿತ್ರ. ಸಣ್ಣ ಸಣ್ಣ ರೊಟ್ಟಿಗಳನ್ನು ಬೀಡಿಯ ಹಾಗೆ ಸುರುಳಿ ಸುತ್ತಿ, ಎಣ್ಣೆಯಲ್ಲಿ ಕರಿದು, ಸಾಲಾಗಿ ಜೋಡಿಸಿದ್ದಾರೆ. ಕನ್ನಡಕ ಹಾಕಿಕೊಳ್ಳುವಷ್ಟು ತಾಳ್ಮೆ ಯಾವತ್ತೂ ಇಲ್ಲದ ನಮ್ಮ ಮನೆಯವರು ಡಬ್ಬವನ್ನು ಹಾಗೇ ತೆಗೆದುಕೊಂಡು ಹೋಗಿ ದೇವರ ಮುಂದಿಟ್ಟರು, ಕೈಮುಗಿದರು, ಒಂದು ಮಿಠಾಯಿ ಬಾಯಿಗೆ ಹಾಕಿಕೊಂಡು ತೋಟದ ಕಡೆ ಹೊರಟುಹೋದರು.

ನನಗೋ ಓದುವ ಚಟ. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದಂದಿನಿಂದ ಬಿಸ್ಕತ್ತಿನ ಪೊಟ್ಟಣವಿರಲಿ, ಉಪ್ಪಿನಕಾಯಿ ಸೀಸೆಯಿರಲಿ, ಹಿಂಬದಿಯಲ್ಲಿ ಅಚ್ಚು ಹಾಕಿರುವುದನ್ನೆಲ್ಲ ಓದದೆ ಬಾಯಿಗಿಡುವುದಿಲ್ಲ. ಓದಿದರೆ, ಬೀಫ್ ಟಕೀಟೋ ಎಂದಿತ್ತು. ದನದ ಮಾಂಸ ತುಂಬಿದ ಮೆಕ್ಕೆಜೋಳದ ರೊಟ್ಟಿಯ ಸುರುಳಿ. ಡಬ್ಬವನ್ನು ಮೆಲ್ಲಗೆ ಎತ್ತಿಕೊಂಡು ಬಂದು ಮಿಠಾಯಿಯನ್ನು ಸ್ಟೀಲ್ ಡಬ್ಬಕ್ಕೆ ಸುರಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ದೇವರ ಮನೆ ತೊಳೆಯಬೇಕು, ತೊಳೆಯುವವಳು ನಾನೇ. ಈ ಸೊಂಟ ಇಟ್ಟುಕೊಂಡು ಅದು ಆಗುವ ಮಾತಲ್ಲ. ದೇವರಿಗೆ ಇಂಗ್ಲಿಷ್ ಓದಲು ಬರುತ್ತಿದ್ದರೂ ಇಷ್ಟು ವರ್ಷದ ಪರಿಚಯದಲ್ಲಿ ಸುಮ್ಮನಿರುತ್ತಾನೆ ಅಂದುಕೊಂಡೆ.

ಡಬ್ಬದ ಹಿಂದೆ ಚೌಕದೊಳಗೆ ಪುಷ್ಟಿಯ ವಿವರ ಇತ್ತು. ಒಂದು ಪಾಲಿಗೆ ಇಷ್ಟು ಪ್ರೋಟೀನು, ಇಷ್ಟು ಕಬ್ಬಿಣ, ಇಷ್ಟು ಕೊಬ್ಬು, ಇಷ್ಟು ಉಪ್ಪು. ಕರಿದ ತಿಂಡಿಯಾದ್ದರಿಂದ ಕೊಬ್ಬು ಧಾರಾಳ. ಉಪ್ಪನ್ನಂತೂ ನಮ್ಮ ಡಾಕ್ಟರು ನೋಡಿದರೆ ಡಬ್ಬವನ್ನೇ ಆಸ್ಪತ್ರೆಗೆ ಸೇರಿಸಿಕೊಳ್ಳುತ್ತಾರೆ. ಆದರೆ ಪ್ರೋಟೀನು, ಕಬ್ಬಿಣ ಕೂಡ ತಕ್ಕಮಟ್ಟಿಗೆ ಇದೆ. ಅದು ಒಳಗಿನ ಮಾಂಸದ್ದು. ಒಂದು ಪಾಲು ಎಂದರೆ ಎಷ್ಟು ಸುರುಳಿ ಎನ್ನುವುದನ್ನೂ ಬರೆದಿದ್ದಾರೆ. ಆ ಪಾಲು ಮನೆಯಲ್ಲಿ ಯಾರ ತಟ್ಟೆಗೆ ಹೋಗುತ್ತದೆ ಎನ್ನುವುದನ್ನು ಬರೆದಿಲ್ಲ. ಬರೆಯುವುದು ಅವರ ಕೆಲಸವೂ ಅಲ್ಲ ಬಿಡಿ.

ಈ ಪ್ರೋಟೀನು, ಕಬ್ಬಿಣ ಎಲ್ಲ ನನಗೆ ಹೊಸದಲ್ಲ. ತುರುವೇಕೆರೆಯ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಓದಿದವಳು ನಾನು. ಸಮತೋಲನ ಆಹಾರ ಎಂದರೇನು ಎಂಬ ಪ್ರಶ್ನೆಗೆ ದುಂಡಗೆ ತಟ್ಟೆಯ ಚಿತ್ರ ಬರೆದು, ಭಾಗ ಮಾಡಿ, ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ತುಂಬಿದ್ದೆ. ಟೀಚರು ಆ ಚಿತ್ರವನ್ನು ಗೋಡೆಗೆ ಅಂಟಿಸಿದ್ದರು. ಮದುವೆಯಾಗಿ ಶೆಟ್ಟಿಕೆರೆಯಿಂದಲೂ ಒಳಗಿರುವ ಹಳ್ಳಿಯೊಂದಕ್ಕೆ ಬಂದ ಮೇಲೆ ಆ ತಟ್ಟೆ ಗೋಡೆಯ ಮೇಲೇ ಉಳಿಯಿತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಮ್ಮೂರಿಗೆ ಕರೆಂಟು ಬಂದಿತ್ತು, ಬಸ್ಸೂ ಬರುತ್ತಿತ್ತು, ಎರಡೂ ತಮಗೆ ತೋಚಿದಾಗ.

ನಮ್ಮ ಸೀಮೆಯಲ್ಲಿ ಪುಷ್ಟಿ ಎಂದರೆ ಕೊಬ್ಬರಿ. ಬೇರೆ ಮಾತೇ ಇಲ್ಲ. ಮಗು ಸಣಕಲಾದರೆ ಕೊಬ್ಬರಿ ಬೆಲ್ಲ, ಬಾಣಂತಿಗೆ ಸೊಂಟ ನೋವಾದರೆ ಕೊಬ್ಬರಿ ಬೆಲ್ಲ, ಮುದುಕರಿಗೆ ಬಾಯಿ ರುಚಿ ಕೆಟ್ಟರೆ ಅದೇ ಕೊಬ್ಬರಿ, ಅದೇ ಬೆಲ್ಲ, ಹಲ್ಲಿಲ್ಲದ್ದರಿಂದ ತುರಿದು. ಅಟ್ಟದ ಮೇಲೆ ವರ್ಷಗಟ್ಟಲೆ ಕಾಯಿ ಒಣಗುತ್ತಿತ್ತು, ಕೆಳಗೆ ನಾವು ಒಣಗುತ್ತಿದ್ದೆವು. ನಮ್ಮ ಅತ್ತೆ ಸಿದ್ದಮ್ಮ ಅಟ್ಟ ಹತ್ತಿ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನೀರಿನ ಸದ್ದು ಬಂದರೆ ಪಕ್ಕಕ್ಕೆ. ನೀರು ಬತ್ತಿ ಒಳಗಿನ ಉಂಡೆ ಲೊಡಲೊಡ ಅಂದರೆ ಕೊಬ್ಬರಿ ಆಯಿತು ಎಂದು ಕೆಳಕ್ಕೆ. ನಾವು ಹೆಂಗಸರು ಕೂತು ಚಿಪ್ಪು ಬಿಡಿಸುತ್ತಿದ್ದೆವು. ಇಡೀ ಉಂಡೆ ತಿಪಟೂರಿನ ಮಂಡಿಗೆ, ಒಡೆದ ಚೂರು ಬಿಡಿಸಿದವರ ಬಾಯಿಗೆ. ಆ ಚೂರು ಮೆಲ್ಲುತ್ತ ಮೆಲ್ಲುತ್ತ ನನಗೆ ಹೊಟ್ಟೆ ತುಂಬಿದ ಹಾಗೆ ಆಗುತ್ತಿತ್ತು. ಹೊಟ್ಟೆ ತುಂಬಿದವಳಿಗೆ ಪುಷ್ಟಿ ಇಲ್ಲವೆಂದರೆ ಯಾರು ನಂಬುತ್ತಾರೆ? ನಾನೇ ನಂಬಿರಲಿಲ್ಲ, ಗೃಹವಿಜ್ಞಾನ ಓದಿದವಳು.

ಮೊದಲ ಹೆರಿಗೆಯಲ್ಲಿ ರಕ್ತ ಬಹಳ ಹೋಯಿತು. ಮಗಳು ಉಳಿದಳು, ನಾನೂ ಉಳಿದೆ, ಆದರೆ ಬಹಳ ದಿನ ನೆಲ ಹಿಡಿದು ಮಲಗಿದ್ದೆ. ಆಗಿನ ದಣಿವು ಎಂಥದೆಂದರೆ, ಮಗು ಅತ್ತಾಗ ಎತ್ತಿಕೊಳ್ಳಬೇಕು ಅನ್ನಿಸುತ್ತಿತ್ತು, ಕೈ ಏಳುತ್ತಿರಲಿಲ್ಲ. ಆ ದಣಿವು ಪೂರ್ತಿ ಹೋಗುವ ಮೊದಲೇ ಮತ್ತೆ ಬಸುರಾದೆ. ಆಗಲೇ ನಮ್ಮೂರ ಪಕ್ಕದ ಆರೋಗ್ಯ ಕೇಂದ್ರಕ್ಕೆ ಹೊಸ ನರ್ಸು ಬಂದರು. ಕೇರಳದವರು, ಕ್ರಿಶ್ಚಿಯನ್ನರು, ನಲವತ್ತರ ಆಸುಪಾಸು, ಬಿಳಿ ಸೀರೆ, ಹೆಸರು ಅನ್ನಮ್ಮ. ಹೆಸರು ಕೇಳಿದ ಅತ್ತೆ ನಮ್ಮ ಅಣ್ಣಮ್ಮ ದೇವಿಯ ಒಕ್ಕಲೇ ಇರಬೇಕೆಂದುಕೊಂಡು ಮೊದಲ ದಿನವೇ ಕರೆದು ಕುಂಕುಮ ಕೊಟ್ಟಿದ್ದರು. ಅವರು ಬೇಡ ಅನ್ನದೆ ಹಣೆಗಿಟ್ಟುಕೊಂಡರು. ಯಾವ ಒಕ್ಕಲು ಎಂದು ಗೊತ್ತಾಗುವ ಹೊತ್ತಿಗೆ ಕೊಟ್ಟ ಕುಂಕುಮ ವಾಪಸು ಕೇಳುವ ಹಾಗಿರಲಿಲ್ಲ.

ಅನ್ನಮ್ಮ ಸಿಸ್ಟರ್ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ತಿಪಟೂರಿಗೆ ಹೋಗುತ್ತಿದ್ದರು. ಅಲ್ಲಿ ಚರ್ಚು ಮುಗಿಸಿ, ಸಂಜೆಯ ಬಸ್ಸಿಗೆ ಒಂದು ಚೀಲ ಹಿಡಿದು ಇಳಿಯುತ್ತಿದ್ದರು. ಚೀಲದಲ್ಲಿ ಸೊಪ್ಪಿನ ಕೆಳಗೆ ದನದ ಮಾಂಸ ಇರುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದರೂ ಯಾರೂ ಆಡುತ್ತಿರಲಿಲ್ಲ. ಊರಲ್ಲಿ ಹೆರಿಗೆ ಮಾಡಿಸುವವರು ಅವರೊಬ್ಬರೇ.

ನನ್ನನ್ನು ನೋಡಲು ಮೊದಲ ಸಲ ಬಂದಾಗ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಆಮೇಲೆ ಉಗುರು ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ ಕೂತರು.

"ಅಮ್ಮ, ಇವಳ ಕಣ್ಣು ಒಳಗೆ ಬಿಳಿ. ಸುಣ್ಣದ ಹಾಗೆ. ಹೋದ ಸಲದ ಹಾಗೆ ರಕ್ತ ಹೋದರೆ ನನ್ನ ಕೈಯಲ್ಲಿ ಆಗಲ್ಲ. ತಿಪಟೂರಿನ ಆಸ್ಪತ್ರೆ ಮುಟ್ಟುವುದಿಲ್ಲ ಇವಳು."

ಅವರ ಕನ್ನಡ ಹಾಗೆ, ಸುತ್ತುಬಳಸು ಗೊತ್ತಿರಲಿಲ್ಲ. ನನ್ನ ಎದುರಿಗೇ ಹೇಳಿದರು. ಹೆದರಿಕೆ ಆಯಿತೇ ಎಂದು ಕೇಳಿದರೆ, ಆಯಿತು. ಮಲಗಿದ್ದ ಮಗಳ ಕಡೆ ನೋಡಿದೆ. ಅವಳಿಗೆ ಇನ್ನೂ ಎರಡು ತುಂಬಿರಲಿಲ್ಲ.

"ಏನ್ ಮಾಡ್ಬೇಕು ಏಳವ್ವ" ಅಂದರು ಅತ್ತೆ.

"ಲಿವರ್ ತಿನ್ನಬೇಕು. ಕುರಿಯದು ಆದರೂ ಸರಿ."

"ನಮ್ದು ಲಿಂಗ ಕಟ್ಟಿದ್ ಮನೆ. ಆ ಮಾತು ಈ ಜಗಲಿ ಮ್ಯಾಲೆ ಬ್ಯಾಡ."

"ಮೊಟ್ಟೆ?"

"ಅದೂ ಬ್ಯಾಡ."

ಸಿಸ್ಟರ್ ಚೀಲದಿಂದ ಕಬ್ಬಿಣದ ಮಾತ್ರೆ ತೆಗೆದುಕೊಟ್ಟರು. ದಿನಕ್ಕೊಂದು ನುಂಗಬೇಕು, ತಪ್ಪಿಸಬಾರದು ಎಂದು ಹೇಳಿ ಹೋದರು. ಅವರ ಬೆನ್ನು ಮರೆಯಾದ ಮೇಲೆ ಅತ್ತೆ ಮಾತ್ರೆಯನ್ನು ಕೈಯಲ್ಲಿ ಹೊರಳಿಸಿ ನೋಡಿದರು. ಬಸುರಿ ಮಾತ್ರೆ ನುಂಗಿದರೆ ಕೂಸು ದಪ್ಪವಾಗುತ್ತದೆ, ಕೂಸು ದಪ್ಪವಾದರೆ ಹೆರಿಗೆ ಕಷ್ಟ, ಹೆರಿಗೆ ಕಷ್ಟವಾದರೆ ರಕ್ತ ಹೋಗುತ್ತದೆ. ಇದು ಅವರ ಲೆಕ್ಕ. ತಪ್ಪು ಎಂದು ಹೇಳಲು ನನಗೆ ಶಕ್ತಿ ಇರಲಿಲ್ಲ, ನಾಲ್ಕು ಮಾತು ಆಡಿದರೆ ಏದುಸಿರು ಬರುತ್ತಿತ್ತು. ಅತ್ತೆ ಮಾತ್ರೆಗಳನ್ನು ದಂಡ ಮಾಡಲಿಲ್ಲ. ಕಬ್ಬಿಣ ಎಂದ ಮೇಲೆ ಗಿಡಕ್ಕಾದರೂ ಆಗಲಿ ಎಂದು ಹಿತ್ತಲ ಕರಿಬೇವಿನ ಬುಡದಲ್ಲಿ ಹೂತರು. ಗಿಡ ತಿಂಗಳೊಳಗೆ ಎಂಥ ಚಿಗುರು ಬಿಟ್ಟಿತೆಂದರೆ, ಬೀದಿಯವರೆಲ್ಲ ಬಂದು ಕಿತ್ತುಕೊಂಡು ಹೋಗುತ್ತಿದ್ದರು.

ಇಲ್ಲಿ ನಮ್ಮ ಮನೆಯ ಊಟದ ಬಗ್ಗೆ ಒಂದು ಮಾತು ಹೇಳಬೇಕು. ಅಡುಗೆ ಕೆಟ್ಟದೇನಲ್ಲ. ರಾಗಿ ಮುದ್ದೆ, ಹುರುಳಿ ಸಾರು, ಅವರೆ, ತೋಟದ ಸೊಪ್ಪು. ಗೃಹವಿಜ್ಞಾನದ ಟೀಚರು ನೋಡಿದ್ದರೆ ಅದಕ್ಕೂ ಬಣ್ಣ ಹಾಕಿಸುತ್ತಿದ್ದರು. ಮೊದಲ ಪಂಕ್ತಿಗೆ ಮಾವನವರು, ಅವರ ತಮ್ಮಂದಿರು, ನಮ್ಮ ಮನೆಯವರು. ಆಮೇಲೆ ಕಾಯಿ ಕೆಡವುವ ಆಳುಗಳು. ಆಮೇಲೆ ಮಕ್ಕಳು. ಕೊನೆಗೆ ಅತ್ತೆ ಮತ್ತು ನಾನು. ಬಡಿಸುವವಳು ನಾನೇ, ಆದ್ದರಿಂದ ಯಾರನ್ನೂ ದೂರುವ ಹಾಗಿಲ್ಲ. ಗಂಡಸರ ತಟ್ಟೆ ಕಂಡರೆ ಸಾಕು, ನನ್ನ ಕೈಯ ಸೌಟು ತಾನಾಗಿ ಪಾತ್ರೆಯ ತಳಕ್ಕೆ ಹೋಗಿ ಕಾಳು, ಸೊಪ್ಪು ಎತ್ತಿಕೊಂಡು ಬರುತ್ತಿತ್ತು. ಕೊನೆಯಲ್ಲಿ ಉಳಿದದ್ದಕ್ಕೆ ಬಿಸಿನೀರು ಬೆರೆಸಿ ಉಪ್ಪು ಹಾಕಿದರೆ ಅದು ನಮ್ಮಿಬ್ಬರ ಸಾರು. ಮುದ್ದೆ ಉಳಿದರೆ ಅತ್ತೆಗೆ ಒಂದು, ನನಗೆ ಅರ್ಧ. ಆಳುಗಳು ಹೆಚ್ಚಿದ್ದ ದಿನ ಕೊಬ್ಬರಿ ಚೂರು.

ಸಿಸ್ಟರ್ ಎರಡನೇ ಸಲ ಬಂದದ್ದು ಸರಿಯಾಗಿ ನಾವು ಉಣ್ಣುವ ಹೊತ್ತಿಗೆ. ನನ್ನ ರೆಪ್ಪೆ ಎಳೆದು ನೋಡಿದರು, ನನ್ನ ತಟ್ಟೆ ನೋಡಿದರು. ಕೈ ತೊಳೆಯಲು ಹಿತ್ತಲಿಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಅವರ ಅಂಗೈಯಲ್ಲಿ ಮಣ್ಣು ಮೆತ್ತಿದ ಮಾತ್ರೆ ಇತ್ತು.

"ಈ ಮನೆಯಲ್ಲಿ ಕರಿಬೇವಿಗೆ ರಕ್ತ ಇದೆ, ಸೊಸೆಗೆ ಇಲ್ಲ" ಅಂದರು.

ಅತ್ತೆಯ ಮುಖ ಕೆಂಪಾಯಿತು. ಅವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು. "ದನ ತಿನ್ನೋಳ ತಾವ ನಾನು ಬುದ್ದಿ ಏಳುಸ್ಕಬೇಕಾ? ಇವತ್ತಿಗೆ ಆಗೋಯ್ತು. ಇನ್ ಈ ಕಡೀಕೆ ಬರಬ್ಯಾಡ ಕಣಮ್ಮ."

ಸಿಸ್ಟರ್ ಮಾತ್ರೆಯನ್ನು ಕಿಟಕಿಯ ಮೇಲಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಅರ್ಧ ಮುದ್ದೆಯ ಮುಂದೆ ಕೂತೇ ಇದ್ದೆ. ಅಳು ಬರಬೇಕಾಗಿತ್ತು, ಅದಕ್ಕೂ ಆಯಾಸ.

ಅದಾದ ಮೇಲೆ ಒಂದು ದಿನ ಕೊಬ್ಬರಿ ಬಿಡಿಸುತ್ತ ಕೂತಿದ್ದವಳು ಹಾಗೇ ಚಿಪ್ಪಿನ ರಾಶಿಯ ಮೇಲೆ ಒರಗಿಬಿಟ್ಟೆ. ಕಣ್ಣು ಬಿಟ್ಟಾಗ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸುತ್ತಿದ್ದರು. ನಮ್ಮ ಅತ್ತೆ ಕೆಟ್ಟವರಲ್ಲ ಎನ್ನುವುದನ್ನು ನೀವು ನಂಬಬೇಕು. ನನ್ನನ್ನು ಬಾಯಿ ತುಂಬ ಬೈಯುತ್ತಿದ್ದರು, ಬೇರೆಯವರು ಬೈದರೆ ಅವರ ಗ್ರಹಚಾರ ಬಿಡಿಸುತ್ತಿದ್ದರು. ಸೊಸೆ ಸಾಯಲಿ ಎಂದು ಯಾವತ್ತೂ ಬಯಸಿದವರಲ್ಲ. ಅವರು ಬೆಳೆದು ಬಂದ ಮನೆಗಳಲ್ಲಿ ಹೆಂಗಸರು ಹೀಗೆಯೇ ಉಂಡು, ಹೀಗೆಯೇ ಹೆತ್ತು, ಕೆಲವರು ಉಳಿದಿದ್ದರು. ಉಳಿದವರನ್ನು ನೋಡಿ ಅವರು ಲೆಕ್ಕ ಹಾಕುತ್ತಿದ್ದರು.

ನಾನು ಬಿದ್ದ ಸುದ್ದಿ ಬೀದಿಗೆ ಹೋಯಿತು. ಮಾರನೆಯ ಬೆಳಿಗ್ಗೆ ಅನ್ನಮ್ಮ ಸಿಸ್ಟರ್ ಬಂದರು. ಜಗಲಿ ಹತ್ತಲಿಲ್ಲ. ಕಾಲಲ್ಲಿ ಚಪ್ಪಲಿ ಇಲ್ಲ. ಬಿಸಿಲಲ್ಲಿ ಬೀದಿಯಲ್ಲೇ ನಿಂತು, "ಅಮ್ಮ, ಒಂದು ಮಾತು ಹೇಳಿ ಹೋಗ್ತೇನೆ" ಅಂದರು.

ಅತ್ತೆ ಬಾಗಿಲಿಗೆ ಬಂದು ಕಂಬ ಹಿಡಿದು ನಿಂತರು.

"ನಾನು ಹರಕೆ ಮಾಡಿದ್ದೇನೆ" ಅಂದರು ಸಿಸ್ಟರ್. "ನಿಮ್ಮ ಸೊಸೆ ಗಿರಿಜಳ ಹೆರಿಗೆ ಆಗಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ ಆಗುವವರೆಗೆ ನಾನು ದನದ ಮಾಂಸ ಮುಟ್ಟುವುದಿಲ್ಲ. ಮಾತೆ ಮರಿಯಮ್ಮನ ಮುಂದೆ ಹೇಳಿದ್ದೇನೆ. ಮೀನು ತಿನ್ನುತ್ತೇನೆ, ಅದು ಬಿಡುವುದಿಲ್ಲ. ನಾನು ಸಂತಳಲ್ಲ."

ಪ್ರೋಟೀನು, ಕಬ್ಬಿಣ, ಕಣ್ಣಿನ ಬಿಳಿ, ಇವು ಯಾವುವೂ ಅತ್ತೆಯನ್ನು ಅಲ್ಲಾಡಿಸಿರಲಿಲ್ಲ. ಹರಕೆ ಎಂದರೆ ಬೇರೆ ಮಾತು. ನಮ್ಮ ಕಡೆ ಹೆಂಗಸರಿಗೆ ಅದೊಂದೇ ಔಷಧ. ಗಂಡನ ಜ್ವರ ಬಿಡಲೆಂದು ಉಪ್ಪು ಬಿಟ್ಟವರನ್ನು, ಮಗಳಿಗೆ ಮಕ್ಕಳಾಗಲೆಂದು ಎಲೆ ಅಡಿಕೆ ಬಿಟ್ಟವರನ್ನು ಅತ್ತೆ ಕಂಡವರು, ಸ್ವತಃ ಬಿಟ್ಟವರು. ಸೊಸೆಗಾಗಿ ಯಾರೂ ಏನೂ ಬಿಟ್ಟದ್ದು ಊರಲ್ಲೇ ಇರಲಿಲ್ಲ. ಈಗ ಎಲ್ಲಿಯವರೋ ಬಂದು ಅವರ ಸೊಸೆಗಾಗಿ ಬಿಟ್ಟಿದ್ದಾರೆ, ಅದೂ ಬೀದಿಯಲ್ಲಿ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳುತ್ತಿದ್ದಾರೆ.

"ನೀವು ಏನು ಬಿಡ್ತೀರಿ?" ಎಂದು ಕೇಳಿದರು ಸಿಸ್ಟರ್.

ಅದು ಉಪಾಯವೋ ಭಕ್ತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೊಮ್ಮೆ ಕೇಳಿದ್ದೆ. "ಎರಡೂ ಬೇಕಲ್ಲ, ಮೋಳೆ" ಎಂದು ನಕ್ಕರು. ಅವರ ಭಾಷೆಯಲ್ಲಿ ಮೋಳೆ ಎಂದರೆ ಮಗಳೇ.

ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ನಾನು ಇರುಳಿನ್ ಮುದ್ದೆ ಬುಡ್ತೀನಿ" ಅಂದರು. "ಅದು ಇವ್ಳಿಗೆ ಓಗ್ಲಿ. ಮಾತ್ರೇನೂ ತತ್ತಾ. ನೀನ್ ಮೇಲೆ ಬಾ, ಬಿಸ್ಲಾಗ್ ನಿಂತ್ಕಬ್ಯಾಡ."

ಹೀಗೆ ನನ್ನ ಪುಷ್ಟಿ ಶುರುವಾಯಿತು. ಬೆಳಿಗ್ಗೆ ಅತ್ತೆಯ ಎದುರಿಗೆ ಮಾತ್ರೆ, ಸಂಜೆ ಅತ್ತೆಯ ಪಾಲಿನ ಮುದ್ದೆ, ನನ್ನ ಅರ್ಧ ಮುದ್ದೆ, ಗಂಡಸರ ಪಂಕ್ತಿಗೆ ಬಡಿಸುವ ಮೊದಲೇ ಅತ್ತೆ ಬಟ್ಟಲಲ್ಲಿ ಎತ್ತಿಟ್ಟ ಕಾಳು. ಉಣ್ಣುವುದು ಸುಖ ಎಂದು ತಿಳಿದವರು ಇನ್ನೊಬ್ಬರ ಹರಕೆಯ ಊಟ ಉಂಡಿರುವುದಿಲ್ಲ. ಅತ್ತೆ ಎದುರಿಗೆ ಕೂತು ಮಜ್ಜಿಗೆ ಕುಡಿಯುತ್ತ ನನ್ನ ಗಂಟಲನ್ನೇ ನೋಡುತ್ತಿದ್ದರು. ಒಂದು ತುತ್ತು ಬಿಟ್ಟರೆ, "ಉಣ್ಣೇ, ಅದು ನನ್ ಹೊಟ್ಟೆ ಕಣೇ ನೀನ್ ಬುಡ್ತಿರೋದು" ಎನ್ನುತ್ತಿದ್ದರು. ಆಗ ಉಣ್ಣುವುದೂ ಚಿಪ್ಪು ಬಿಡಿಸುವ ಹಾಗೆ ಒಂದು ಕೆಲಸವಾಯಿತು. ನಾನು ಸುಸ್ತಾಗಿ ಉಣ್ಣುತ್ತಿದ್ದೆ, ಉಂಡು ಸುಸ್ತಾಗುತ್ತಿದ್ದೆ.

ನನಗೆ ಸಿಟ್ಟೂ ಬರುತ್ತಿತ್ತು. ಮೂವರು ಹೆಂಗಸರು, ಒಬ್ಬರು ಮಾಂಸ ಬಿಟ್ಟು, ಒಬ್ಬರು ಮುದ್ದೆ ಬಿಟ್ಟು, ಒಬ್ಬಳು ಎರಡೂ ಹೊರೆ ಹೊತ್ತು ಒದ್ದಾಡಿದೆವು. ಗಂಡಸರ ಪಂಕ್ತಿ ಒಂದಂಗುಲ ಅತ್ತಿತ್ತ ಸರಿಯಲಿಲ್ಲ. ಸರಿಸಬಹುದು ಎಂದು ಅತ್ತೆಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನಮ್ಮ ಮನೆಯವರು ಒಂದು ದಿನ ಉಣ್ಣುತ್ತ, "ಸಾರು ಯಾಕೋ ಈಚೆಗೆ ತೆಳ್ಳಗೈತೆ" ಅಂದರು. "ಹುರುಳಿ ಬೇಯ್ತಿಲ್ಲ" ಎಂದು ಅತ್ತೆ ಮುಖ ತಿರುಗಿಸದೆ ಹೇಳಿದರು. ಅಷ್ಟೇ ನಡೆದ ಕ್ರಾಂತಿ.

ಭಾನುವಾರ ಸಂಜೆ ಬಸ್ಸಿಳಿದ ಸಿಸ್ಟರ್ ಬರೀ ಚೀಲ ಹಿಡಿದು ನೇರವಾಗಿ ನಮ್ಮ ಜಗಲಿಗೆ ಬರುತ್ತಿದ್ದರು. ಮನೆಗೆ ಹೋಗಿ ಮಾಡುವುದಾದರೂ ಏನು? ಅತ್ತೆಗೂ ಅದು ಹೊಟ್ಟೆ ಚುರುಗುಟ್ಟುವ ಹೊತ್ತು. ಇಬ್ಬರೂ ಕಂಬಕ್ಕೆ ಒರಗಿ ಕೂರುತ್ತಿದ್ದರು. ನಾನು ಒಳಗೆ ಚಾಪೆಯ ಮೇಲೆ ಮಲಗಿ ಕೇಳಿಸಿಕೊಳ್ಳುತ್ತಿದ್ದೆ.

"ಎಂಗೈತೆ ನರ್ಸಮ್ಮ?"

"ಕಷ್ಟ ಅಮ್ಮ. ಭಾನುವಾರ ಬಹಳ ಕಷ್ಟ."

"ನಂಗೆ ದಿನಾಲೂ ಭಾನ್ವಾರಾನೇ ಆಗೈತೆ. ಮುದ್ದೆ ಕೋಲಿನ್ ಸದ್ದು ಕೇಳುದ್ರೆ ಎದ್ದು ಓಡ್ಬೇಕು ಅನ್ನುಸ್ತೈತೆ."

ಒಂದು ಸಂಜೆ ಅತ್ತೆ ತಾವಾಗಿಯೇ ಕೇಳಿದರು. "ಅಲ್ಲ ಕಣವ್ವ, ಏನೈತೆ ಅದ್ರಾಗೆ ಅಂಗ್ ಬಾಯ್ ಬುಡುವಂತಾದ್ದು? ಎಂಗ್ ಮಾಡ್ತೀಯ ಅದನ್ನ?"

ಸಿಸ್ಟರ್ ಸಂಕೋಚಪಟ್ಟರು. ಆಮೇಲೆ ಹೇಳತೊಡಗಿದರು. ಹೇಳುತ್ತ ಹೇಳುತ್ತ ಅವರ ದನಿ ಮೆತ್ತಗಾಯಿತು. ಅವರ ಅಮ್ಮ ಮಾಡುತ್ತಿದ್ದ ರೀತಿ, ಮೆಣಸು, ಈರುಳ್ಳಿ, ಕರಿಬೇವು, ಕಬ್ಬಿಣದ ಬಾಣಲೆ, ಸಣ್ಣ ಉರಿ, ಕಪ್ಪಾಗುವವರೆಗೆ ಹುರಿಯಬೇಕು. "ಆಮೇಲೆ ತೆಂಗಿನಕಾಯಿ. ತುರಿಯುವುದಲ್ಲ. ತೆಳ್ಳಗೆ ಚೂರು ಹೆಚ್ಚಿ ಹಾಕಬೇಕು. ಅದು ಇಲ್ಲದಿದ್ದರೆ ರುಚಿ ಇಲ್ಲ."

ಅತ್ತೆ ನೆಟ್ಟಗೆ ಕೂತದ್ದು ಅವರ ಬಳೆ ಕಂಬಕ್ಕೆ ತಾಗಿದ ಸದ್ದಿನಿಂದ ನನಗೆ ಗೊತ್ತಾಯಿತು. "ಕಾಯಿ ಹಾಕ್ತೀಯ? ಅದುಕ್ಕೆ?"

"ಹೂಂ ಅಮ್ಮ."

"ನೀವು ಅದನ್ನ ತಿಂತೀರ ಅಂತ ಗೊತ್ತಿತ್ತು. ಕಾಯಿ ಹಾಕ್ಕಂಡು ಅಂತ ಗೊತ್ತಿರ್ಲಿಲ್ಲ."

ಆ ಮಾತಿನಲ್ಲಿದ್ದ ನೋವು ನಾಟಕದ್ದಲ್ಲ. ತೆಂಗು ನಮಗೆ ದೇವರ ಸಾಮಾನು. ಮರ ಕಡಿಯುವ ಮೊದಲು ಪೂಜೆ ಮಾಡುವವರು ನಾವು, ಒಡೆದ ಕಾಯಿ ಕೆಟ್ಟಿದ್ದರೆ ವಾರವೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವವರು. ಸಿಸ್ಟರ್ ಚೀಲ ಎತ್ತಿಕೊಂಡು ಎದ್ದರು, ಅತ್ತೆ ಒಳಗೆ ಬಂದರು. ಇನ್ನು ಮುಗಿಯಿತು, ಸಿಸ್ಟರ್ ಬರುವುದಿಲ್ಲ, ಅತ್ತೆ ಕರೆಯುವುದಿಲ್ಲ ಎಂದುಕೊಂಡೆ. ಹೆರಿಗೆಗೆ ಹೆಚ್ಚು ದಿನ ಇರಲಿಲ್ಲ. ಮುಂದಿನ ಭಾನುವಾರ ಬಸ್ಸಿನ ಸದ್ದಾದಾಗ ಅತ್ತೆಯೇ ಜಗಲಿಗೆ ಹೋಗಿ ಕೂತರು. ಸಿಸ್ಟರ್ ಬಂದರು. ಅಡುಗೆಯ ಮಾತು ಬಿಟ್ಟು ಮಳೆಯ ಮಾತು ಆಡಿದರು.

ನೋವು ಶುರುವಾದದ್ದು ಬೆಳಗಿನ ಹೊತ್ತು. ಸಿಸ್ಟರ್ ನನ್ನ ಕಾಲ ಬಳಿ, ಅತ್ತೆ ತಲೆಯ ಬಳಿ. ಒಬ್ಬರು ಮರಿಯಮ್ಮನನ್ನು ಕರೆಯುತ್ತಿದ್ದರು, ಒಬ್ಬರು ಶಿವನನ್ನು. ಇಬ್ಬರೂ ನನ್ನನ್ನು ಬೈಯುತ್ತಿದ್ದರು. ರಕ್ತ ಈ ಸಲವೂ ಹೋಯಿತು. ಸಿಸ್ಟರ್ ಮುಖ ಬಿಗಿಯಾಗಿದ್ದು ನೋಡಿ, ನಾನು ಹೊರಟೆ ಅಂದುಕೊಂಡೆ, ಮಗಳ ಹೆಸರು ಹೇಳಿದೆ ಅನ್ನಿಸುತ್ತದೆ. ಆಮೇಲೆ ಆ ಮುಖ ಸಡಿಲವಾಯಿತು. "ನಿಂತಿತು" ಅಂದರು. ಅತ್ತೆ ಗೋಡೆಗೆ ಒರಗಿ ಕುಸಿದು ಕೂತರು. ಹುಟ್ಟಿದ್ದು ಮತ್ತೆ ಹೆಣ್ಣು. ಬಾಗಿಲಾಚೆಯಿಂದ ಯಾರೋ ಲೊಚಗುಟ್ಟಿದ್ದು ಕೇಳಿಸಿತು. "ಸೊಸೆ ಉಳುದವ್ಳೆ, ಬುಡು ಅತ್ಲಾಗೆ" ಎಂದು ಅತ್ತೆ ಒಳಗಿನಿಂದಲೇ ಹೇಳಿದರು. ಆ ಮಾತನ್ನು ನಾನು ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ.

ತೊಟ್ಟಿಲು ಕಟ್ಟುವ ಶಾಸ್ತ್ರ ಹತ್ತಿರ ಬಂದ ಹಾಗೆ ಅತ್ತೆಗೆ ಹೊಸ ಚಿಂತೆ ಹತ್ತಿತು. ನಮ್ಮಲ್ಲಿ ಹರಕೆಗೆ ಒಂದು ಕ್ರಮ ಉಂಟು. ಯಾರಿಗಾಗಿ ಬಿಟ್ಟಿದ್ದೋ ಅವರ ಮನೆಯವರೇ, ಬಿಟ್ಟವರನ್ನು ಕೂರಿಸಿ, ಬಿಟ್ಟ ಪದಾರ್ಥವನ್ನು ಬಡಿಸಿ ಹರಕೆ ಬಿಡಿಸಬೇಕು. ಹಾಗೆ ಬಿಡಿಸದಿದ್ದರೆ ಹರಕೆ ತೀರಿದ ಹಾಗಲ್ಲ, ಹೊತ್ತವರ ಹೆಗಲ ಮೇಲೇ ಉಳಿಯುತ್ತದೆ. ಅತ್ತೆಯ ಮುದ್ದೆಯನ್ನು ನಾನು ಬಡಿಸಬಹುದು, ಅದು ಸುಲಭ.

"ಅವ್ಳುದು ಎಂಗೆ ಬುಡ್ಸಾದು?" ಎಂದು ನನ್ನ ಹಾಸಿಗೆಯ ಪಕ್ಕ ಕೂತು ಕೇಳಿದರು.

"ಹೋಳಿಗೆ ಬಡಿಸಿದ್ರೆ ಸಾಕು ಬುಡಿ ಅತ್ತೆ" ಅಂದೆ.

"ಅವ್ಳು ಹೋಳಿಗೆ ಬುಟ್ಟಿದ್ಲಾ?" ಎಂದು ಗದರಿದರು.

ಶಾಸ್ತ್ರ ಬಿದ್ದದ್ದು ಶನಿವಾರ. ಅನ್ನಮ್ಮ ಸಿಸ್ಟರನ್ನು ಅತ್ತೆ ಜಗಲಿಯಲ್ಲಿ ಕೂರಿಸಲಿಲ್ಲ, ನಡುಮನೆಗೆ ಕರೆದು ಮಣೆ ಹಾಕಿ ಕೂರಿಸಿದರು. ಗಂಡಸರ ಪಂಕ್ತಿಗಿಂತ ಮೊದಲೇ ಎಲೆ ಹಾಕಿ, ಹೋಳಿಗೆ, ತುಪ್ಪ, ಕೋಸಂಬರಿ ತಾವೇ ಬಡಿಸಿದರು. ಮಾವನವರು ಒಮ್ಮೆ ಬಾಗಿಲಲ್ಲಿ ಇಣುಕಿ, ಅತ್ತೆಯ ಮುಖ ನೋಡಿ, ಕೆಮ್ಮಿಕೊಂಡು ಹೊರಗೆ ಹೋದರು. ಸಿಸ್ಟರ್ ತಲೆ ಬಗ್ಗಿಸಿ ಉಂಡರು. ಹೊರಡುವಾಗ ಮಗುವಿನ ಹಣೆ ಮುಟ್ಟಿದರು, ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ ತಮಗೆ ತಾವೇ ತಲೆಯಾಡಿಸಿದರು.

ಅತ್ತೆ ಅಟ್ಟ ಹತ್ತುವ ಸದ್ದು ಕೇಳಿಸಿತು. ಮೇಲೆ ಒಂದೊಂದೇ ಕಾಯಿ ಅಲ್ಲಾಡಿಸಿ ನೋಡುತ್ತಿದ್ದರು. ಕೊಬ್ಬರಿಯಾದದ್ದು ಬೇಡ, ನೀರಿರುವುದು ಬೇಕಿತ್ತು ಅಂತ ಕಾಣುತ್ತದೆ, ಬಹಳ ಹೊತ್ತು ಹಿಡಿಯಿತು. ಇಳಿದು ಬಂದು, ಜುಟ್ಟು ಕಿತ್ತು, ಸೆರಗಿನಿಂದ ಒರೆಸಿ, ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ಚೀಲಕ್ಕೆ ಹಾಕಿದರು. ಪೂಜೆಗೆ ಕೊಡುವ ಕಾಯಿಗೆ ಜುಟ್ಟು ಕೀಳುವುದಿಲ್ಲ, ಅಡುಗೆಗಾದರೆ ಕೀಳುತ್ತಾರೆ. ಇದು ಸಿಸ್ಟರಿಗೆ ಗೊತ್ತಿತ್ತೋ ಇಲ್ಲವೋ, ಅವರು ಕಾಯಿಯನ್ನೂ ಅತ್ತೆಯನ್ನೂ ನೋಡುತ್ತ ನಿಂತರು.

"ನಾಳೀಕೆ ಭಾನ್ವಾರ ಅಲ್ವೇನವ್ವ" ಎಂದು ಅತ್ತೆ ಬೀದಿಯ ಕಡೆ ನೋಡುತ್ತ ಹೇಳಿದರು. "ಕಾಯಿ ವಸಿ ಬಲ್ತೈತೆ. ತೆಳ್ಳಗೆ ಹೆಚ್ಕೊ."